ಪರ-ವಿರೋಧ: ಕಾಯಿಲೆ ಬಿದ್ದ ಕೈದಿಗೆ ಜಾಮೀನೋ, ಜೈಲಿನಲ್ಲೇ ಚಿಕಿತ್ಸೆಯೋ?

ಜೈಲಿನಲ್ಲಿರುವವರಿಗೂ ಸರಿಯಾದ ಚಿಕಿತ್ಸೆ ಸಿಗಬೇಕು. ಇದರಲ್ಲಿ ಕೆಳಗಿನ ಇಬ್ಬರಿಗೂ ಎರಡು ಮಾತಿಲ್ಲ. ತಕರಾರು ಇರುವುದು ದಾರಿಯ ಬಗ್ಗೆ. ವಿಚಾರಣೆ ಮುಗಿಯದ, ಅಪರಾಧ ಸಾಬೀತಾಗದ ಕೈದಿಗೆ ಗಂಭೀರ ಕಾಯಿಲೆ ಇದ್ದರೆ ಜಾಮೀನು ಕೊಟ್ಟು ಹೊರಗೆ ಬಿಡುವುದೇ ನಿಯಮ ಆಗಬೇಕೇ? ಅಥವಾ ಸರ್ಕಾರ ಅವರನ್ನು ತನ್ನ ಸುಪರ್ದಿನಲ್ಲೇ ಇಟ್ಟುಕೊಂಡು ವಾಸಿ ಮಾಡಬೇಕೇ? ಪರವಾಗಿ ಬರೆದವರು ಕೋಲಾರ ಜಿಲ್ಲೆಯಲ್ಲಿ ವಕೀಲರು. ವಿರೋಧವಾಗಿ ಬರೆದವರು ತುಮಕೂರು ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು.

ಪರ: ಕಾಯಿಲೆಯವರನ್ನು ಹೊರಗೆ ಬಿಡಿ, ಅದೇ ನಿಯಮ ಆಗಲಿ

‘ಕೈದಿಗೆ ಸೂಕ್ತ ಚಿಕಿತ್ಸೆ ನೀಡಲಾಗುತ್ತಿದೆ.’ ಈ ಒಂದು ಸಾಲಿನಿಂದ ಎಷ್ಟೋ ಜಾಮೀನು ಅರ್ಜಿಗಳು ಬಿದ್ದುಹೋಗಿದ್ದನ್ನು ನಾನು ನೋಡಿದ್ದೇನೆ.

ನಡೆಯುವುದು ಹೀಗೆ. ಕಕ್ಷಿದಾರನಿಗೆ ಹುಷಾರಿಲ್ಲ ಅಂತ ನಾವು ಅರ್ಜಿ ಹಾಕುತ್ತೇವೆ. ಸರ್ಕಾರಿ ಅಭಿಯೋಜಕರು ತಕರಾರು ಸಲ್ಲಿಸಲು ಟೈಮ್ ಕೇಳುತ್ತಾರೆ. ಕೋರ್ಟು ಜೈಲಿನಿಂದ ವರದಿ ತರಿಸುತ್ತದೆ. ವರದಿ ಬರಲು ಒಂದು ಡೇಟು, ಅದನ್ನು ನೋಡಲು ಇನ್ನೊಂದು ಡೇಟು. ಕೊನೆಗೆ ಬರುವ ಕಾಗದದಲ್ಲಿ ಬಿಪಿ ಎಷ್ಟಿದೆ, ಮಾತ್ರೆ ಯಾವುದು, ಕಳೆದ ಸಲ ಯಾವ ಡಾಕ್ಟರು ನೋಡಿದರು, ಮುಂದಿನ ತಪಾಸಣೆ ಯಾವಾಗ ಅನ್ನುವುದು ಬಹಳ ಸಲ ಇರುವುದೇ ಇಲ್ಲ. ಸೂಕ್ತ ಚಿಕಿತ್ಸೆ ಅಂತ ಇರುತ್ತದೆ, ಕೆಳಗೆ ಸೀಲು ಇರುತ್ತದೆ. ಅಷ್ಟಕ್ಕೇ ಅರ್ಜಿ ವಜಾ.

ಕಾನೂನಿನಲ್ಲಿ ದಾರಿ ಇಲ್ಲ ಅಂತೇನಿಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 437ನೇ ಕಲಂನಲ್ಲಿ ಇತ್ತು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಂನಲ್ಲೂ ಇದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಆರೋಪ ಇದ್ದರೂ ಸರಿ, ಆರೋಪಿ ಕಾಯಿಲೆಯವರಾಗಿದ್ದರೆ ಅಥವಾ ಕೈಲಾಗದವರಾಗಿದ್ದರೆ ಜಾಮೀನು ಕೊಡಲು ಅವಕಾಶ ಇದೆ. ಆದರೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಕೊಡಲೇಬೇಕು ಅಂತ ಇಲ್ಲ. ನಾನು ಕೇಳುವುದು ಇದನ್ನು ತಿರುಗಿಸಿ ಅಂತ. ಗಂಭೀರ ಕಾಯಿಲೆ ಇದೆ ಅಂತ ಖಚಿತವಾದರೆ ಜಾಮೀನು ಕೊಡುವುದೇ ನಿಯಮ ಆಗಲಿ. ಕೊಡುವುದಿಲ್ಲ ಅಂದರೆ ಯಾಕೆ ಅಂತ ಸರ್ಕಾರ ಹೇಳಲಿ.

ನನ್ನ ಕಕ್ಷಿದಾರರೊಬ್ಬರ ವಿಷಯ ಹೇಳುತ್ತೇನೆ. ಶ್ರೀನಿವಾಸಪುರದ ಕಡೆಯವರು. ಮಾವಿನ ತೋಟಗಳಲ್ಲಿ ಕೂಲಿ. ಹೊಡೆದಾಟದ ಕೇಸಿನಲ್ಲಿ ಒಳಗೆ ಹೋದರು. ಹೋಗುವ ಮೊದಲೇ ಎರಡೂ ಕಿಡ್ನಿ ಕೆಟ್ಟಿದ್ದವು. ಡಯಾಲಿಸಿಸ್ ಅಂದರೆ ವಾರಕ್ಕೆ ಎರಡು ಅಥವಾ ಮೂರು ಸಲ, ಒಂದೊಂದು ಸಲಕ್ಕೂ ಸುಮಾರು ನಾಲ್ಕು ಗಂಟೆ. ಜೈಲಿನಿಂದ ಕರೆದುಕೊಂಡು ಹೋಗಲು ಪೊಲೀಸ್ ಎಸ್ಕಾರ್ಟ್ ಬೇಕು. ಎಸ್ಕಾರ್ಟ್ ಕೊಡಬೇಕಾದವರು ಜಿಲ್ಲಾ ಸಶಸ್ತ್ರ ಮೀಸಲು ಪಡೆಯವರು. ಅದೇ ವಾರ ಗಣೇಶನ ಮೆರವಣಿಗೆ ಇದ್ದರೆ, ಮಂತ್ರಿಗಳು ಬಂದರೆ, ಎಲ್ಲೋ ಗಲಾಟೆ ಆದರೆ ಅವರೆಲ್ಲ ಬಂದೋಬಸ್ತಿಗೆ. ಕೈದಿಗೆ ‘ಇವತ್ತು ಗಾರ್ಡ್ ಇಲ್ಲ, ನಾಳೆ ನೋಡೋಣ’. ನಾಳೆ ಆಸ್ಪತ್ರೆಯಲ್ಲಿ ಮಿಷನ್ ಖಾಲಿ ಇರುವುದಿಲ್ಲ, ಯಾಕೆಂದರೆ ಅವರ ಸರದಿ ನಿನ್ನೆಗೆ ಇತ್ತು. ನಾನು ಭೇಟಿಗೆ ಹೋದಾಗ ಅವರ ಕಾಲಿನ ಊತ ಹೇಗಿತ್ತೆಂದರೆ ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತೆ, ಗೋಡೆಗೆ ಒರಗಿ ಕೂತೇ ಬೆಳಗು ಮಾಡ್ತೀನಿ ಮೇಡಂ ಅಂದರು.

ಜೈಲಿನವರು ಕೆಟ್ಟವರಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ವಾರ್ಡರ್ ಒಬ್ಬರು ತಾವೇ ಓಡಾಡಿ ಎಸ್ಕಾರ್ಟ್‌ಗೆ ಮತ್ತೆ ಮತ್ತೆ ಪತ್ರ ಬರೆಸಿದ್ದರು. ಆದರೆ ಜೈಲು ಇರುವುದು ಜನರನ್ನು ಕೂಡಿ ಹಾಕಲು. ಅಲ್ಲಿನ ಇಡೀ ದಿನಚರಿ, ಎಣಿಕೆ, ಬೀಗ, ಗಸ್ತು ಎಲ್ಲ ಅದಕ್ಕೇ ಕಟ್ಟಿದ್ದು. ವಾರಕ್ಕೆ ಮೂರು ಸಲ ತಪ್ಪದೆ ಆಸ್ಪತ್ರೆಗೆ ಹೋಗಿಬರಬೇಕಾದ ಜೀವವನ್ನು ಆ ದಿನಚರಿಗೆ ಒಗ್ಗಿಸಲು ಆಗುವುದಿಲ್ಲ.

ಕೊನೆಗೆ ಜಾಮೀನು ಸಿಕ್ಕಿತು. ಸಿಕ್ಕ ಮೇಲೆ ಶುರುವಾಯಿತು ಶ್ಯೂರಿಟಿಯ ಪಾಡು. ಪಹಣಿ ಇರುವ ಇಬ್ಬರು ಬರಬೇಕು. ಇವರಿಗೆ ಜಮೀನಿರುವ ನೆಂಟ ಅಂತ ಇದ್ದವರು ಒಬ್ಬರೇ, ಭಾಮೈದ. ಅವರ ಹೊಲ ಇದ್ದದ್ದು ಗಡಿಯಾಚೆ, ಪುಂಗನೂರಿನ ಕಡೆ. ಆಂಧ್ರದ ಜಮೀನಿನ ಪಾಸ್‌ಬುಕ್ ಆಗುವುದಿಲ್ಲ, ಲೋಕಲ್ ಶ್ಯೂರಿಟಿ ತನ್ನಿ ಅಂದರು. ಕೋಲಾರ, ಚಿಕ್ಕಬಳ್ಳಾಪುರದ ಗಡಿ ತಾಲೂಕುಗಳಲ್ಲಿ ಹೆಣ್ಣು ಕೊಡುವುದು ತರುವುದು ಎಲ್ಲ ಆಚೆ ಈಚೆಯೇ ಅಲ್ವಾ. ಮುಳಬಾಗಿಲು, ಬಾಗೇಪಲ್ಲಿ, ಗೌರಿಬಿದನೂರಿನ ಯಾವ ಮನೆಗೆ ಹೋಗಿ ಕೇಳಿದರೂ ಅರ್ಧ ನೆಂಟರು ಆಂಧ್ರದವರು. ಸುಪ್ರೀಂ ಕೋರ್ಟ್ 1978ರಲ್ಲೇ ಮೋತಿರಾಮ್ ಪ್ರಕರಣದಲ್ಲಿ ಇದನ್ನು ತಪ್ಪು ಅಂದಿದೆ. ಮೋತಿರಾಮ್ ಗಾರೆ ಕೆಲಸದವರು. ಹತ್ತು ಸಾವಿರದ ಜಾಮೀನು ಕೇಳಿದ್ದಲ್ಲದೆ, ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಮ್ಯಾಜಿಸ್ಟ್ರೇಟರು ಆ ಸಹೋದರನ ಶ್ಯೂರಿಟಿಯನ್ನೂ ನಿರಾಕರಿಸಿದ್ದರು. ಬಡವರಿಗೆ ವೈಯಕ್ತಿಕ ಮುಚ್ಚಳಿಕೆ (ಆರೋಪಿ ತಾನೇ ಬರೆದುಕೊಡುವ ಭರವಸೆ ಪತ್ರ) ಸಾಕು ಅನ್ನುವ ಮಾತು ಆ ತೀರ್ಪಿನಲ್ಲಿ ಇದೆ. ನಾನು ಅದನ್ನು ಓದಿ ಹೇಳಿದ ಮೇಲೆ ಭಾಮೈದನ ಸಹಿ ನಡೆಯಿತು. ಈಗ ಅವರು ತಾಲೂಕು ಆಸ್ಪತ್ರೆಯಲ್ಲಿ ಉಚಿತ ಡಯಾಲಿಸಿಸ್ ಮಾಡಿಸಿಕೊಂಡು ಅಲ್ಲಿಂದಲೇ ಕೋರ್ಟಿಗೂ ಬರುತ್ತಾರೆ. ಒಂದು ಡೇಟೂ ತಪ್ಪಿಸಿಲ್ಲ.

ಇನ್ನು ಕೈಲಾಗದವರು. ಪಾವಗಡ, ಬಾಗೇಪಲ್ಲಿ, ಗುಡಿಬಂಡೆ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವ ಮಿತಿ ಇದೆ, ಅದನ್ನು ಮೀರಿದ ನೀರನ್ನೇ ಕುಡಿದು ಮುದುಕರಾದವರು ಅಲ್ಲಿ ಎಷ್ಟೋ ಜನ. ಬೆನ್ನು ಬಗ್ಗುವುದಿಲ್ಲ, ಮಂಡಿ ಮಡಚುವುದಿಲ್ಲ. ಅಂಥ ಅಜ್ಜನೊಬ್ಬನನ್ನು ಜಮೀನು ಜಗಳದ ಕೇಸಿನಲ್ಲಿ ಒಳಗೆ ಹಾಕಿದರೆ ಅವನಿಗೆ ಮೊದಲ ಕಷ್ಟ ಕಕ್ಕಸು. ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ. ಎರಡನೆಯದು ನೆಲ. ಮಲಗಿದರೆ ಏಳಲು ಇನ್ನೊಬ್ಬರು ಎತ್ತಬೇಕು. ಇದಕ್ಕೆ ಯಾವ ಮಾತ್ರೆಯೂ ಇಲ್ಲ. ಜೈಲಿನ ಡಾಕ್ಟರು ನೋವಿನ ಗುಳಿಗೆ ಕೊಟ್ಟು ಚಿಕಿತ್ಸೆ ಕೊಟ್ಟಿದ್ದೇವೆ ಅಂತ ಬರೆದರೆ ಅದು ಸುಳ್ಳಲ್ಲ. ಆದರೆ ಅಜ್ಜನ ಪಾಡು ಪಾಡೇ.

ಇವರೆಲ್ಲ ಯಾರು? ಇನ್ನೂ ಅಪರಾಧಿಗಳಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕದಲ್ಲಿ ದೇಶದ ಕೈದಿಗಳಲ್ಲಿ ನೂರಕ್ಕೆ 75ಕ್ಕಿಂತ ಜಾಸ್ತಿ ಜನ ವಿಚಾರಣಾಧೀನರು. ಜೈಲು ತುಂಬಿ ತುಳುಕುತ್ತಿರುವುದು ಇವರಿಂದಲೇ. ನಮ್ಮ ರಾಜ್ಯದ್ದೇ ಪ್ರಕರಣ ಒಂದಿದೆ. ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬರು ಬರೆದ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡು ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ರಾಮಮೂರ್ತಿ ವಿರುದ್ಧ ಕರ್ನಾಟಕ ಸರ್ಕಾರ. ಜೈಲುಗಳ ಒಂಬತ್ತು ದೊಡ್ಡ ಸಮಸ್ಯೆಗಳನ್ನು ಅದರಲ್ಲಿ ಎಣಿಸಿದ್ದಾರೆ. ಮೊದಲನೆಯದು ಕಿಕ್ಕಿರಿದ ಜನ. ಆರೋಗ್ಯ, ಸ್ವಚ್ಛತೆಯ ಕಡೆಗಣನೆ ಇನ್ನೊಂದು. ಈ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಒಳಗಿನ ಜನ ಕಡಿಮೆಯಾಗದೆ ಒಳಗಿನ ಆರೋಗ್ಯ ಸುಧಾರಿಸುವುದಿಲ್ಲ.

ಕಾಯಿಲೆಗಾಗಿ ಜೈಲಿನ ಬಾಗಿಲು ತೆಗೆದ ಉದಾಹರಣೆಯೂ ನಮ್ಮ ಮುಂದಿದೆ. 2020ರ ಮಾರ್ಚ್ 23ರಂದು, ಕೊರೊನಾ ಶುರುವಾದ ಹೊತ್ತಿಗೆ, ಪ್ರತಿ ರಾಜ್ಯವೂ ಉನ್ನತಾಧಿಕಾರ ಸಮಿತಿ ಮಾಡಿ ಯಾರನ್ನು ಬಿಡಬಹುದು ಅಂತ ನೋಡಲಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳನ್ನು ಉದಾಹರಣೆಯಾಗಿ ಕೊಟ್ಟಿತ್ತು. ದೇಶದಾದ್ಯಂತ ಸಾವಿರಾರು ಜನ ಹೊರಗೆ ಬಂದರು. ಆಗ ಬರಬಹುದಾಗಿದ್ದ ರೋಗಕ್ಕೆ ಹೆದರಿ ಬಾಗಿಲು ತೆಗೆದೆವು. ಬಂದೇಬಿಟ್ಟಿರುವ ಕ್ಯಾನ್ಸರಿಗೆ ಯಾಕೆ ತೆಗೆಯಬಾರದು?

ತೆಗೆಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಫಾದರ್ ಸ್ಟ್ಯಾನ್ ಸ್ವಾಮಿ ಸಾಕು. ಆದಿವಾಸಿಗಳ ಪರ ದುಡಿದ ಕ್ರೈಸ್ತ ಪಾದ್ರಿ, ಬೆಂಗಳೂರಿನಲ್ಲೂ ವರ್ಷಗಟ್ಟಲೆ ಕೆಲಸ ಮಾಡಿದ್ದವರು. ಪುಣೆ ಬಳಿ 2018ರಲ್ಲಿ ನಡೆದ ಹಿಂಸಾಚಾರದ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2020ರ ಅಕ್ಟೋಬರಿನಲ್ಲಿ ಬಂಧನ. ವಯಸ್ಸು ಎಂಬತ್ತು ದಾಟಿತ್ತು, ಪಾರ್ಕಿನ್ಸನ್ ಇತ್ತು, ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಕೆಳಗಿನ ಕೋರ್ಟಿನಲ್ಲಿ ಜಾಮೀನು ಸಿಗಲಿಲ್ಲ. 2021ರ ಜುಲೈ 5ರಂದು ಮುಂಬೈಯ ಆಸ್ಪತ್ರೆಯಲ್ಲಿ, ಬಂಧನದಲ್ಲಿರುವಾಗಲೇ ತೀರಿಕೊಂಡರು. ಅವರ ಮೇಲಿನ ಆರೋಪ ಸಾಬೀತಾಗಿರಲಿಲ್ಲ. ಇನ್ನು ಆಗುವುದೂ ಇಲ್ಲ. ಅವರು ನಿರಪರಾಧಿಯೋ ಅಲ್ಲವೋ ಅನ್ನುವುದನ್ನು ಕೋರ್ಟು ಹೇಳುವ ಮೊದಲೇ ಎಲ್ಲ ಮುಗಿಯಿತು. ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಗೊತ್ತಿಲ್ಲ.

ದುರುಪಯೋಗ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆಗುತ್ತದೆ, ಇಲ್ಲ ಅನ್ನಲ್ಲ. ಅದಕ್ಕೆ ಬೇಲಿ ಹಾಕೋಣ. ಒಬ್ಬ ಡಾಕ್ಟರ ಸರ್ಟಿಫಿಕೇಟ್ ಬೇಡ. ಜಿಲ್ಲಾ ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ ವಾರದೊಳಗೆ ನೋಡಿ ವರದಿ ಕೊಡಲಿ. ಡಯಾಲಿಸಿಸ್, ಕ್ಯಾನ್ಸರ್, ಪಾರ್ಶ್ವವಾಯು, ಹಾಸಿಗೆ ಹಿಡಿದವರು, ತುಂಬು ಬಸುರಿಯರು, ಇಷ್ಟು ಪಟ್ಟಿ ಮಾಡಿ. ಏಳು ವರ್ಷದವರೆಗಿನ ಆರೋಪವಾದರೆ ಶ್ಯೂರಿಟಿ ಇಲ್ಲದೆ ಮುಚ್ಚಳಿಕೆ ಮೇಲೆ ಬಿಡಿ. ಅದಕ್ಕಿಂತ ದೊಡ್ಡ ಆರೋಪವಾದರೆ ಕೋರ್ಟು ಷರತ್ತು ಹಾಕಲಿ. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕುವ ಬದಲು ಆಸ್ಪತ್ರೆಯಲ್ಲಿ ಸಹಿ ಹಾಕಲಿ. ಚಿಕಿತ್ಸೆಗೆ ಹೋಗುತ್ತಿಲ್ಲ ಅಂತ ಗೊತ್ತಾದರೆ ಜಾಮೀನು ರದ್ದು ಮಾಡಿ. ಹಣ ಇಲ್ಲದವರಿಗೆ ಕೇಂದ್ರದ ಬಡ ಕೈದಿಗಳ ನೆರವಿನ ಯೋಜನೆ 2023ರಿಂದ ಇದೆ, ವಿಚಾರಣಾಧೀನರಿಗೂ ಅದರಲ್ಲಿ ನೆರವು ಸಿಗುತ್ತದೆ. ಒಳಗಿರುವವರಿಗೆ ಅದು ಗೊತ್ತಿರುವುದಿಲ್ಲ. ಹೇಳುವ ಕೆಲಸ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲರದು, ಅಂದರೆ ನನ್ನಂಥವರದು.

ವಿರೋಧ: ಹೊರಗೆ ಬಿಟ್ಟು ಕೈತೊಳೆದುಕೊಳ್ಳುವುದು ಚಿಕಿತ್ಸೆ ಅಲ್ಲ

ದಿನಾ ಕುಡಿಯುವವನನ್ನು ಹಿಡಿದು ಜೈಲಿಗೆ ಹಾಕಿದರೆ ಎರಡನೇ ದಿನ, ಮೂರನೇ ದಿನ ಏನಾಗುತ್ತದೆ ಅಂತ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ. ಮೊದಲು ಕೈ ನಡುಕ, ಬೆವರು. ಆಮೇಲೆ ಫಿಟ್ಸ್ ಬರಬಹುದು. ಕೆಲವರಿಗೆ ಗೋಡೆ ಮೇಲೆ ಇಲ್ಲದ ಹುಳು ಹರಿದಾಡುವುದು ಕಾಣುತ್ತದೆ, ಯಾರೋ ಕೊಲ್ಲಲು ಬಂದರು ಅಂತ ಕಿರುಚುತ್ತಾರೆ, ಜ್ವರ ಏರುತ್ತದೆ. ಗೊತ್ತಿಲ್ಲದವರು ನಾಟಕ ಆಡ್ತಿದಾನೆ ಅಂದುಕೊಂಡು ನಾಲ್ಕು ಏಟು ಹಾಕುತ್ತಾರೆ, ಇಲ್ಲವೇ ಬೇರೆ ಕೊಠಡಿಗೆ ಹಾಕಿ ಬೀಗ ಜಡಿಯುತ್ತಾರೆ. ಗೊತ್ತಿರುವವರು ಡಯಾಜೆಪಾಮ್ ಕೊಡುತ್ತಾರೆ, ಬಿ-1 ವಿಟಮಿನ್ ಕೊಡುತ್ತಾರೆ, ಪಕ್ಕದಲ್ಲೇ ಕೂತು ನೋಡಿಕೊಳ್ಳುತ್ತಾರೆ. ಹಾಗೆ ನೋಡಿಕೊಂಡರೆ ಹೆಚ್ಚಿನವರು ಕೆಲವೇ ದಿನಗಳಲ್ಲಿ ಎದ್ದು ಕೂರುತ್ತಾರೆ. ನೋಡಿಕೊಳ್ಳದಿದ್ದರೆ ಸಾಯುತ್ತಾರೆ.

ಈ ಮನುಷ್ಯನಿಗೆ ಜಾಮೀನು ಅರ್ಜಿಯಿಂದ ಏನು ಉಪಯೋಗ? ಅರ್ಜಿ ಟೈಪ್ ಆಗುವಷ್ಟರಲ್ಲಿ ಅವನ ಮೂರು ದಿನ ಮುಗಿದಿರುತ್ತದೆ. ಅವನಿಗೆ ಬೇಕಾದದ್ದು ಜೈಲಿನ ಬಾಗಿಲಲ್ಲಿ ಒಬ್ಬ ನರ್ಸ್. ‘ದಿನಾ ಕುಡಿತೀಯೇನಪ್ಪಾ? ಕೊನೆ ಸಲ ಕುಡಿದಿದ್ದು ಯಾವಾಗ? ಹಿಂದೆ ಫಿಟ್ಸ್ ಬಂದಿತ್ತಾ? ಯಾವ ಮಾತ್ರೆ ತಗೋತಿದ್ದೆ?’ ಇಷ್ಟು ಕೇಳಿ ಬರೆದುಕೊಳ್ಳುವವರು. ಹೊಸದಾಗಿ ಬಂದ ಕೈದಿಯನ್ನು ವೈದ್ಯರು ನೋಡಬೇಕು, ಪ್ರತಿ ಜೈಲಿನಲ್ಲೂ ಆಸ್ಪತ್ರೆ ಅಥವಾ ಕಾಯಿಲೆಯವರಿಗೆ ತಕ್ಕ ಜಾಗ ಇರಬೇಕು ಅಂತ ಬ್ರಿಟಿಷರ 1894ರ ಕಾರಾಗೃಹ ಕಾಯ್ದೆಯಲ್ಲೇ ಬರೆದಿತ್ತು. ನೂರಮೂವತ್ತು ವರ್ಷದ ಹಿಂದಿನ ಮಾತು. ಅದನ್ನು ಮಾಡಿಸಲು ಆಗದ ನಾವು ಈಗ ಕಾಯಿಲೆಯವರನ್ನು ಹೊರಗೆ ಕಳಿಸಿಬಿಡೋಣ ಅನ್ನುತ್ತಿದ್ದೇವೆ.

ಎದೆನೋವಿನ ಲೆಕ್ಕವೂ ಇದೇ. ಬ್ಯಾರಕ್‌ಗಳಿಗೆ ಸಂಜೆಯೇ ಬೀಗ ಬೀಳುತ್ತದೆ, ತೆಗೆಯುವುದು ಬೆಳಗ್ಗೆ. ರಾತ್ರಿ ಎರಡು ಗಂಟೆಗೆ ಒಬ್ಬನಿಗೆ ಎದೆ ಹಿಂಡಿದಂತೆ ಆಗುತ್ತದೆ. ಪಕ್ಕದವರು ಕಂಬಿ ಬಡಿದು ಕೂಗುತ್ತಾರೆ. ವಾರ್ಡರ್ ಬಂದು ನೋಡಿ ಮೇಲಿನವರಿಗೆ ಫೋನ್ ಮಾಡಬೇಕು, ಅವರು ಒಪ್ಪಬೇಕು, ಗಾಡಿ ಬರಬೇಕು, ಎಸ್ಕಾರ್ಟ್ ಬರಬೇಕು. ಹೃದಯಾಘಾತದಲ್ಲಿ ಮೊದಲ ಒಂದೆರಡು ಗಂಟೆಯೇ ಎಲ್ಲ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಕಳಿಸಿದರೆ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡಿ ಹೇಳುತ್ತಾರೆ. ರಕ್ತದ ಗಡ್ಡೆ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಹಾಕುತ್ತಾರೆ. ಊರಿನ ಬಡವನಿಗೆ ಸಿಗುವ ಈ ಅನುಕೂಲ ಜೈಲಿನ ಗೋಡೆಯೊಳಗೂ ಸಿಗಲಿ ಅನ್ನುವುದು ನನ್ನ ಬೇಡಿಕೆ. ಒಂದು ಇಸಿಜಿ ಮಿಷನ್, ಅದನ್ನು ಹಚ್ಚಲು ಬರುವ ಒಬ್ಬರು ರಾತ್ರಿ ಪಾಳಿಯಲ್ಲಿ. ಇದಕ್ಕೆ ಕೋರ್ಟೂ ಬೇಡ, ಹೊಸ ಕಾನೂನೂ ಬೇಡ.

ವಕೀಲರು ಡಯಾಲಿಸಿಸ್‌ನ ಉದಾಹರಣೆ ಕೊಟ್ಟಿದ್ದಾರೆ. ಆ ರೋಗಿಗೆ ಹೊರಗೆ ಬಂದದ್ದು ಒಳ್ಳೆಯದೇ ಆಯಿತು, ಸಂತೋಷ. ಆದರೆ ಅವರಿಗೆ ಮನೆ ಇತ್ತು, ಭಾಮೈದ ಇದ್ದ, ಮೋತಿರಾಮ್ ತೀರ್ಪು ಓದಿ ಹೇಳುವ ವಕೀಲರಿದ್ದರು. ಇದು ಯಾವುದೂ ಇಲ್ಲದವರನ್ನೇ ನಾನು ವಾರ್ಡಿನಲ್ಲಿ ಜಾಸ್ತಿ ಕಂಡಿದ್ದು.

ಕ್ಷಯ ರೋಗವನ್ನೇ ತೆಗೆದುಕೊಳ್ಳಿ. ಜನ ಒತ್ತೊತ್ತಾಗಿ ಮಲಗುವ, ಗಾಳಿ ಆಡದ ಕಡೆ ಅದು ಬೇಗ ಹರಡುತ್ತದೆ. ಜೈಲುಗಳಲ್ಲಿ ಹೊರಗಿಗಿಂತ ಜಾಸ್ತಿ ಇರುವುದು ಪ್ರಪಂಚಕ್ಕೆಲ್ಲ ಗೊತ್ತಿರುವ ಸಂಗತಿ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು. ಎರಡು ತಿಂಗಳಾದ ಮೇಲೆ ಕೆಮ್ಮು ನಿಲ್ಲುತ್ತದೆ, ಮೈ ಹಗುರಾಗುತ್ತದೆ, ವಾಸಿಯಾಯಿತು ಅಂತ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟರೆ ಮಾತ್ರೆಗೆ ಬಗ್ಗದ ಕ್ಷಯವಾಗಿ ತಿರುಗಿ ಬರಬಹುದು. ಜೈಲಿನಲ್ಲಿದ್ದರೆ ದಿನಾ ಕಣ್ಣೆದುರು ನುಂಗಿಸಬಹುದು. ಜಾಮೀನು ಸಿಕ್ಕ ದಿನ ಅವನು ಕೈಗೆ ಬಿಡುಗಡೆಯ ಕಾಗದ ಸಿಕ್ಕ ಕೂಡಲೇ ಬಸ್ ಸ್ಟ್ಯಾಂಡಿಗೆ ಓಡುತ್ತಾನೆ. ಮಾತ್ರೆಯ ಚೀಟಿ, ಕಾರ್ಡು ಎಲ್ಲ ಒಳಗೇ. ಕೊಟ್ಟ ಅಡ್ರೆಸ್ ಮಧುಗಿರಿಯದು, ಅವನು ಹೋಗಿದ್ದು ಬೆಂಗಳೂರಿನ ಯಾವುದೋ ಕಟ್ಟಡ ಕೆಲಸಕ್ಕೆ. ಆಶಾ ಕಾರ್ಯಕರ್ತೆ ಆ ಮನೆ ಬಾಗಿಲಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬರುತ್ತಾಳೆ. ನಾನೇ ಅಂಥ ಹೆಸರುಗಳನ್ನು ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿಟ್ಟಿದ್ದೆ. ಕೆಲವರು ವರ್ಷದ ಮೇಲೆ ಮತ್ತೆ ಬಂದರು, ಅರ್ಧ ತೂಕ ಇಳಿದು. ಮತ್ತೆ ಕೆಲವರು ಬರಲೇ ಇಲ್ಲ.

ಮಾನಸಿಕ ಕಾಯಿಲೆಯವರ ಕಥೆ ಇದಕ್ಕಿಂತ ಕಷ್ಟ. ಅವರ ಪೈಕಿ ಎಷ್ಟೋ ಜನರಿಗೆ ಕರೆದುಕೊಂಡು ಹೋಗಲು ಮನೆಯವರೇ ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸೆಯ ಕೇಂದ್ರ ಇರಬೇಕು ಅನ್ನುತ್ತದೆ. ಕಾನೂನು ಮಾಡಿದವರೇ ಒಳಗೆ ಚಿಕಿತ್ಸೆ ಕೊಡಿ ಅಂದಿದ್ದಾರೆ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ. ಕೈದಿ ಬಂಧನದಲ್ಲಿ ಸತ್ತರೆ ಸರ್ಕಾರ ಉತ್ತರ ಹೇಳಬೇಕು. ಇಪ್ಪತ್ತನಾಲ್ಕು ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು. ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕು. ಮರಣೋತ್ತರ ಪರೀಕ್ಷೆ ಆಗಬೇಕು. ಯಾವತ್ತು ಹುಷಾರಿಲ್ಲ ಅಂದ, ಯಾವತ್ತು ಆಸ್ಪತ್ರೆಗೆ ಕಳಿಸಿದಿರಿ ಅಂತ ಯಾರಾದರೂ ಕೇಳುತ್ತಾರೆ. ಅದೇ ಕೈದಿಗೆ ಸ್ಥಿತಿ ಕೈಮೀರಿದ ಮೇಲೆ ಜಾಮೀನು ಕೊಟ್ಟು ಕಳಿಸಿದರೆ? ನಾಲ್ಕು ದಿನ ಬಿಟ್ಟು ಅವನು ತನ್ನ ಮನೆಯಲ್ಲಿ ಸಾಯುತ್ತಾನೆ. ಅದು ಬಂಧನದ ಸಾವಲ್ಲ. ತಿಂಗಳಾನುಗಟ್ಟಲೆ ಮಾತ್ರೆ ಕೊಡದಿದ್ದದ್ದು, ರೆಫರ್ ಮಾಡಿದ ಚೀಟಿ ಮೇಜಿನ ಮೇಲೆ ಬಿದ್ದಿದ್ದದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಜಾಮೀನೇ ನಿಯಮ ಆದರೆ ಜೈಲಿನ ಆಸ್ಪತ್ರೆಗೆ ಒಬ್ಬ ಡಾಕ್ಟರನ್ನು ಹಾಕುವುದಕ್ಕಿಂತ ಕಾಯಿಲೆಯವರನ್ನು ಸಾಗಹಾಕುವುದೇ ಅಗ್ಗ ಅಂತ ಅಧಿಕಾರಿಗಳಿಗೆ ಅನ್ನಿಸದೆ ಇರುತ್ತದೆಯೇ?

ಸ್ಟ್ಯಾನ್ ಸ್ವಾಮಿಯವರ ಸಾವು ಇಷ್ಟು ದೊಡ್ಡ ಸುದ್ದಿಯಾಗಿದ್ದು ಅವರು ಬಂಧನದಲ್ಲಿದ್ದಾಗ ಸತ್ತರು ಅನ್ನುವ ಕಾರಣಕ್ಕೆ. ಅವರಿಗೆ ಜಾಮೀನು ಸಿಗಬೇಕಿತ್ತು ಅಂತ ನಾನೂ ಒಪ್ಪುತ್ತೇನೆ. ಹಾಗೇ, ಜೈಲಿಗೆ ಬಂದ ಮೊದಲ ದಿನವೇ ಆ ನಡುಗುವ ಕೈಗೆ ಸ್ಟ್ರಾ ಇರುವ ಲೋಟ ಕೊಡಬೇಕಿತ್ತು. ಅದನ್ನು ಕೇಳಿ ಕೋರ್ಟಿಗೆ ಅರ್ಜಿ ಹಾಕುವ ಪಾಡು ಬಂತಲ್ಲ, ಅದು ಒಳಗಿನ ವ್ಯವಸ್ಥೆಯ ಸೋಲು. ಜಾಮೀನಿನ ಕಾನೂನು ಎಷ್ಟು ತಿದ್ದಿದರೂ ಅದು ಸರಿಹೋಗುವುದಿಲ್ಲ.

ಡಾಕ್ಟರುಗಳ ಮೇಲಿನ ಒತ್ತಡದ ಬಗ್ಗೆಯೂ ಹೇಳಬೇಕು. ಬಿಡುಗಡೆಯ ಬೀಗದ ಕೈ ಡಾಕ್ಟರ ಪೆನ್ನಿನಲ್ಲಿದೆ ಅಂತಾದರೆ ಫೋನುಗಳು ಶುರುವಾಗುತ್ತವೆ. ಮಂಡಳಿಯಲ್ಲಿ ಮೂವರಿದ್ದರೆ ಮೂವರಿಗೂ ಬರುತ್ತವೆ. ಹೆದರುವ ಪುಣ್ಯಾತ್ಮರು ಹೌದು ಅಂತಲೂ ಬರೆಯುವುದಿಲ್ಲ, ಇಲ್ಲ ಅಂತಲೂ ಬರೆಯುವುದಿಲ್ಲ. ಆಗ ನಿಜವಾದ ರೋಗಿಗೂ ಏಟು. ನಟ ದರ್ಶನ್ ಪ್ರಕರಣ ಎಲ್ಲರಿಗೂ ನೆನಪಿದೆ. ಬೆನ್ನಿನ ಶಸ್ತ್ರಚಿಕಿತ್ಸೆಗಾಗಿ 2024ರ ಅಕ್ಟೋಬರ್ 30ರಂದು ಹೈಕೋರ್ಟು ಆರು ವಾರದ ಮಧ್ಯಂತರ ಜಾಮೀನು ಕೊಟ್ಟಿತು. ಡಿಸೆಂಬರಿನಲ್ಲಿ ಪೂರ್ಣ ಜಾಮೀನು ಸಿಕ್ಕಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆ ಜಾಮೀನು ರದ್ದು ಮಾಡಿತು. ಆ ಕೇಸಿನ ಸರಿತಪ್ಪು ಹೇಳಲು ನಾನು ಯಾರು. ನನಗೆ ತೋಚಿದ್ದು ಒಂದೇ. ಅದೇ ದಿನಗಳಲ್ಲಿ ಅದೇ ಬೆನ್ನುನೋವು ಇದ್ದ, ಹೆಸರಿಲ್ಲದ ಕೈದಿಗಳು ಎಷ್ಟು ಜನ ಇದ್ದರೋ. ಅವರ ಪರವಾಗಿ ಹೈಕೋರ್ಟಿನ ತನಕ ಹೋಗಿ ನಿಲ್ಲಲು ಯಾರಿದ್ದರು? ಜಾಮೀನಿನ ದಾರಿ ಕೈಲಿ ದುಡ್ಡಿದ್ದವರಿಗೆ ಹತ್ತಿರ. ಜೈಲಿನ ಆಸ್ಪತ್ರೆ ಚೆನ್ನಾಗಿದ್ದರೆ ಅದು ಎಲ್ಲರಿಗೂ. ಶಿಕ್ಷೆ ಆದವರಿಗೂ. ಅವರ ಬಗ್ಗೆ ವಕೀಲರು ಏನೂ ಹೇಳಲಿಲ್ಲ. ಹತ್ತು ಹದಿನಾಲ್ಕು ವರ್ಷ ಒಳಗೇ ಇರುವವರಿಗೆ ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ಎಲ್ಲ ಅಲ್ಲೇ ಬರುತ್ತದೆ.

ಎಸ್ಕಾರ್ಟ್ ಸಿಗದಿರುವುದು ನಿಜ. ಅದನ್ನು ಸರಿಮಾಡಲು ಆಗದ ಕೆಲಸ ಅಂತ ನಾನು ಒಪ್ಪುವುದಿಲ್ಲ. ನೆಲ್ಸನ್ ಮಂಡೇಲಾ ನಿಯಮಗಳು ಅಂತ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ್ದಿವೆ. ಕೈದಿಗೆ ಹೊರಗಿನವರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಸಿಗಬೇಕು, ಅದೂ ಉಚಿತವಾಗಿ ಅನ್ನುತ್ತವೆ. ಚಿಕಿತ್ಸೆಯ ವಿಷಯದಲ್ಲಿ ವೈದ್ಯರು ಹೇಳಿದ್ದನ್ನು ಜೈಲು ಸಿಬ್ಬಂದಿ ಮೀರುವಂತಿಲ್ಲ ಅಂತಲೂ ಇದೆ. ಇದನ್ನು ನಮ್ಮ ಜೈಲುಗಳಲ್ಲಿ ಅಕ್ಷರಶಃ ಜಾರಿಗೆ ತನ್ನಿ. ಡಾಕ್ಟರು ಆಸ್ಪತ್ರೆಗೆ ಕಳಿಸಿ ಅಂತ ಬರೆದ ಮೇಲೆ ಎಷ್ಟು ಹೊತ್ತಿನೊಳಗೆ ಗಾಡಿ ಹೊರಡಬೇಕು ಅಂತ ಗೊತ್ತು ಮಾಡಿ. ಎಸ್ಕಾರ್ಟ್ ಕೊಡದ ಅಧಿಕಾರಿ ಯಾಕೆ ಕೊಡಲಿಲ್ಲ ಅಂತ ಬರೆದು ಸಹಿ ಹಾಕಲಿ.

ಆಸ್ಪತ್ರೆಗೆ ಬಂದ ಮೇಲಿನ ಪಾಡನ್ನೂ ನೋಡಿದ್ದೇನೆ. ಮಂಚದ ಕಾಲಿಗೆ ಸರಪಳಿ, ಇನ್ನೊಂದು ತುದಿ ರೋಗಿಯ ಕಾಲಿಗೆ. ಮಗ್ಗುಲು ಬದಲಿಸಿದರೆ ಎಳೆಯುತ್ತದೆ. ಬೆಡ್‌ಪ್ಯಾನ್ ಕೊಡಲು ನಾವು ಪೊಲೀಸಿನವರನ್ನು ಕೇಳಬೇಕು. ಗುವಾಹಟಿಯ ಆಸ್ಪತ್ರೆಯಲ್ಲಿ ಬಂಧಿಗಳನ್ನು ಹೀಗೆ ಬೇಡಿ ಹಾಕಿ ಕಟ್ಟಿಹಾಕಿದ್ದಕ್ಕೆ ಸುಪ್ರೀಂ ಕೋರ್ಟ್ 1995ರಲ್ಲೇ ಛೀಮಾರಿ ಹಾಕಿತ್ತು. ಹೆರಿಗೆ ವಾರ್ಡಿಗೆ ಬಂದ ಒಬ್ಬ ಹೆಂಗಸಿನ ಪರೀಕ್ಷೆಗೆ ಪರದೆ ಎಳೆದರೆ ಪೊಲೀಸಿನವರು ಒಳಗೇ ನಿಂತರು. ಆಚೆ ನಿಲ್ಲಿ ಸಾರ್ ಅಂದೆ. ಓಡಿಹೋದ್ರೆ ನಮ್ಮ ಕೆಲಸ ಹೋಗುತ್ತೆ ಸಿಸ್ಟರ್ ಅಂದರು. ಅವರ ಭಯವೂ ಸುಳ್ಳಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಕೈದಿಗಳಿಗೆ ಅಂತ ಭದ್ರವಾದ ಒಂದು ವಾರ್ಡು ಇದ್ದರೆ ಬಾಗಿಲಲ್ಲಿ ಕಾವಲು ಸಾಕು. ಕಾಲಿಗೆ ಸರಪಳಿ ಬೇಕಾಗುವುದಿಲ್ಲ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರಿನ ಮಗ್ಗುಲಲ್ಲೇ ಇರುವ ಜಿಲ್ಲೆಗಳು. ಕಿದ್ವಾಯಿ, ಜಯದೇವ, ನಿಮ್ಹಾನ್ಸ್ ಒಂದೆರಡು ಗಂಟೆ ದಾರಿ. ಒಳಗೇ ಒಳ್ಳೆಯ ಚಿಕಿತ್ಸೆ ಕೊಡುವುದು ಇಲ್ಲಿ ಆಗದಿದ್ದರೆ ಇನ್ನೆಲ್ಲೂ ಆಗುವುದಿಲ್ಲ. ಹೊಸ ಕೈದಿ ಬಂದ ದಿನವೇ ನರ್ಸ್ ತಪಾಸಣೆ, ರಾತ್ರಿ ಪಾಳಿಗೆ ಒಬ್ಬರು, ಇಸಿಜಿ ಮಿಷನ್, ಬಿಡುಗಡೆಯ ಹೊತ್ತಿಗೆ ಒಂದು ತಿಂಗಳ ಮಾತ್ರೆ ಮತ್ತು ಅವನ ಊರಿನ ಆಸ್ಪತ್ರೆಗೆ ಒಂದು ಚೀಟಿ. ಯಾವ ಕೈದಿಯನ್ನು ಆಸ್ಪತ್ರೆಗೆ ಕಳಿಸಿ ಅಂದರು, ಯಾವ ಗಂಟೆಗೆ ಕಳಿಸಿದರು ಅಂತ ಬರೆಯುವ ಒಂದು ಪುಸ್ತಕ. ಜಿಲ್ಲಾ ನ್ಯಾಯಾಧೀಶರು ಜೈಲಿಗೆ ಭೇಟಿ ಕೊಟ್ಟಾಗ ಮೊದಲು ಆ ಪುಸ್ತಕ ತರಿಸಿ ನೋಡಲಿ.